ಮತ್ತ?

ರಾಯಚೂರು ಗಂಜಿನಲ್ಲಿ ಆದೆಪ್ಪ ಸಾಹುಕಾರರ ಹತ್ತಿ ಅಡತಿ.
ಫೋನಿನ ಬಿಲ್ಲು ಈ ಸಲ ಆರು ಸಾವಿರದ ಚಿಲ್ಲರೆ.
'ರೇಟು ನೋಡಿ ಹತ್ತು ನಿಮಿಷಕ್ಕ ಏಳ್ತೀನ್ರಿ, ದೇವರಾಣಿ'
ಅಂದರು ಮುನೀಮ ವಿರೂಪಣ್ಣ, ಕನ್ನಡಕ ಒರೆಸುತ್ತ.

ಸುಮ್ಮನೆ ಬಿಟ್ಟರೆ ಇಪ್ಪತ್ತು ನಿಮಿಷಕ್ಕೆ ತಾನೇ ಕಡಿದುಕೊಳ್ಳಬೇಕು;
ಸೆಟ್ಟಿಂಗು ಸರಿಯಾಗೇ ಇದೆ.
ಹತ್ತಿಯೆಳೆ ಅಂಟಿದ ಕೀಬೋರ್ಡಿನಿಂದ ಕೈ ತೆಗೆದು
ಫ್ಯಾನಿದ್ದೂ ಬೆವರುವ ಮೇ ತಿಂಗಳಲ್ಲಿ ಕಾಯುತ್ತ ಕೂತೆ.
ಹದಿನೈದನೇ ನಿಮಿಷಕ್ಕೆ
ಮೋಡೆಮ್ಮಿನ ದೀಪ ಒಮ್ಮೆ ಮಿಟುಕಿತು.
ಯಾರೂ ಏನೂ ಕೇಳಿರಲಿಲ್ಲ.

ಮಾನ್ವಿಯ ನಮ್ಮ ಸೋದರತ್ತೆಯ ಫೋನೂ ಹೀಗೇ.
ಊಟ ಆಯಿತು, ಬಿಸಿಲು ಆಯಿತು, ಎಮ್ಮೆ ಈದದ್ದೂ ಆಯಿತು.
'ಇಡ್ಲೇನತ್ತಿ?' 'ಇಡಪ.'
ಉಸಿರಿನ ಸದ್ದು. ಆಮೇಲೆ,
'ಮತ್ತ?'

ಸಿಕ್ಕಿದ್ದು ಮಧ್ಯಾಹ್ನ ಮೂರಕ್ಕೆ. ಮೂಲೆಯಲ್ಲೊಂದು ಪುಟ್ಟ ಪ್ರೋಗ್ರಾಮು
ಎಲ್ಲೋ ದೂರದ ಯಂತ್ರವನ್ನು
ಕಾಲು ತಾಸಿಗೊಮ್ಮೆ ಕೇಳುತ್ತಿತ್ತು: ಗಂಟೆ ಎಷ್ಟು?
ಒಳಗಿನ ಬ್ಯಾಟರಿ ಸತ್ತಿತ್ತು.
ಕರೆಂಟು ಹೋಗಿ ಬಂದಾಗೆಲ್ಲ ಅದಕ್ಕೆ
ಯಾವುದೋ ಹಳೆಯ ಜನವರಿ ಒಂದಷ್ಟೇ ನೆನಪು.
ಮೊದಲಿದ್ದ ಆಪರೇಟರು ಸಲೀಮಾ
ಪಟ್ಟಿಗಳ ತಾರೀಖು ತಪ್ಪದಿರಲೆಂದು
ಇದನ್ನು ಹಾಕಿ, ಮದುವೆಯಾಗಿ ಗುಂತಕಲ್ಲಿಗೆ ಹೋದಳಂತೆ.

ಗುಂಡಿ ಬ್ಯಾಟರಿ ಮೂವತ್ತು ರೂಪಾಯಿ.
ಅದನ್ನು ಹಾಕಿದೆ, ಇದನ್ನು ತೆಗೆದೆ.
ತೆಗೆಯುವಾಗ 'ಖಾತ್ರಿಯೇ?' ಅಂತ ಯಂತ್ರ ಕೇಳಿತು;
ಒಂದು ಗಳಿಗೆ ನಾನೂ ತಡೆದೆ.

ಇಪ್ಪತ್ತನೇ ನಿಮಿಷ. ಕಟ್ ಅಂತ ಸಣ್ಣ ಸದ್ದು.
ವಿರೂಪಣ್ಣ ರಿಸೀವರ್ ಎತ್ತಿ
ಡಯಲ್ ಟೋನನ್ನು ನನ್ನ ಕಿವಿಗೂ ಹಿಡಿದರು,
ತೀರ್ಥ ಕೊಟ್ಟ ಹಾಗೆ.
ಕೇಳುತ್ತ ಕೇಳುತ್ತ ಮಾನ್ವಿಯ ನಂಬರು ಒತ್ತಿದೆ,
ಒಂದೇ ನಿಮಿಷಕ್ಕೆಂದು.

ಎಂಗೇಜು.