ಬೆನ್ನುಗಳು

ಬೋಪದೇವ್ ಘಾಟಿನಾಚೆ ಡಾಂಬರು ಮುಗಿದು
ಒಂದೇ ಗಾಲಿಯಗಲದ ದಾರಿ.
ಮುಂದೆ ಝುಬಿನ್, ನಡುವೆ ಶರಯೂ, ಕಡೆಗೆ ನಾನು.

ಆರು ವರ್ಷದ ಭಾನುವಾರಗಳಲ್ಲಿ
ಕಂಡದ್ದೆಲ್ಲ ಬೆನ್ನುಗಳೇ:
ಶರಯೂಳ ಅಂಗಿಯ ಮೇಲೆ
ಬೆವರಾರಿ ಉಳಿದ ಉಪ್ಪಿನ ಗೆರೆ,
ಏರು ಬಂದಾಗ ಝುಬಿನ್‌ನ ಎಡಭುಜ
ಸಾಲ ಕೇಳುವವನಂತೆ ತುಸು ಕುಗ್ಗುವುದು.

‘ದಗಡ್!’ ಅಂತ ಮುಂದಿನಿಂದ ಕೂಗು.
ಅದು ನನ್ನೊಳಗೆ ಕಲ್ಲಾಗುವ ಮೊದಲೇ
ಹ್ಯಾಂಡಲ್ ಹೊರಳಿರುತ್ತದೆ.

ಒಮ್ಮೆ ಚೈನು ತುಂಡಾಗಿ
ಪೊದೆಯ ಚೂರು ನೆರಳಿಗೆ ಮೂವರೂ ಕೂತು
ಗ್ರೀಸಿನ ಕೈಯಲ್ಲೇ ಕವಳಿಹಣ್ಣು ತಿಂದೆವು,
ಮೂವರೂ ಕಣಿವೆಯ ಕಡೆ ಮುಖ ಮಾಡಿ.

ಮೊನ್ನೆ ಲಕ್ಷ್ಮೀ ರಸ್ತೆಯ ಬ್ಯಾಂಕಿನಲ್ಲಿ, ಸರತಿಯಲ್ಲಿ,
ಇಸ್ತ್ರಿ ಅಂಗಿಯೊಂದರ ಎಡಭುಜ ಕುಗ್ಗಿತು.
‘ಝುಬಿನ್!’ ಅಂದೆ.
ತಿರುಗಿದ. ಅವನೇ.
ಮುಖದ ಪರಿಚಯ ಮಾತ್ರ
ಅಷ್ಟಾಗಿ ಇರಲಿಲ್ಲ.