ಹಳೇ ನಂಬರು, ಹೊಸ ನಂಬರು

ಮಂಡಿ ಮೊಹಲ್ಲದ ಆ ಲ್ಯಾಬಿನ ಬಾಗಿಲಿಗೆ
ಎರಡು ತಗಡು.
ತುಕ್ಕು ತಿಂದ ನೀಲಿಯದು: ಹಳೇ ನಂ. 1207/2.
ಪಾಲಿಕೆಯವರು ಆಮೇಲೆ ಜಡಿದದ್ದು: ಹೊಸ ನಂ. 41.
ಕರೆಂಟು ಬಿಲ್ಲು ಹಳೆಯದಕ್ಕೆ ಬರುತ್ತದೆ,
ಕಂದಾಯದ ನೋಟೀಸು ಹೊಸದಕ್ಕೆ.
ಪೋಸ್ಟಿನ ಪುಟ್ಟಮಾದಯ್ಯ ಎರಡನ್ನೂ ಒಂದೇ ಡಬ್ಬಿಗೆ ತುರುಕುತ್ತಾನೆ:
"ಮನೆ ಎಲ್ಲಿಗೋದದು ಮೇಡಂ, ನಂಬರ್ ತಾನೆ ಬದಲಾಗೋದು."

ನನ್ನ ಕೆಲಸವೂ ಅಷ್ಟೇ ಇತ್ತು.
ರಕ್ತ ಪರೀಕ್ಷಿಸುವ ಮುದಿ ಯಂತ್ರಕ್ಕೆ
ನಾಲ್ಕು ಸಂಖ್ಯೆ, ಮೂರು ಚುಕ್ಕಿಯ ವಿಳಾಸವೊಂದೇ ಗೊತ್ತು.
ಹೊಸ ಲೈನಿನವನು ಕೊಟ್ಟದ್ದು ಮಾರುದ್ದ,
ಅಕ್ಷರ ಅಂಕಿ ಕಲಸಿ, ನಡುವೆಲ್ಲೋ
ಒತ್ತಿ ಕೂತ ಎರಡು ಜೋಡಿ ಚುಕ್ಕಿ.
(ಸಾಲು ಸೊನ್ನೆಗಳನ್ನು ನುಂಗಿದೆ ಅದು.
ಒಂದು ವಿಳಾಸದಲ್ಲಿ ಒಂದೇ ಸಲ ನುಂಗಬಹುದು.
ಎರಡು ಕಡೆ ನುಂಗಿದರೆ
ಯಾವ ಹೊಟ್ಟೆಯಲ್ಲಿ ಎಷ್ಟು, ಯಾರು ಹೇಳಬೇಕು?)

ಒಂದೇ ಕಾರ್ಡಿಗೆ ಎರಡನ್ನೂ ಬರೆದೆ,
ಮೇಲೊಂದು, ಕೆಳಗೊಂದು.
ಜಗಳವಿಲ್ಲ.

ಆಮೇಲೆ ಸೇತುವೆ.
ಯಂತ್ರ ಇತ್ತ, ವರದಿ ಬರೆಯುವ ಕಂಪ್ಯೂಟರುಗಳು ಅತ್ತ,
ಎರಡು ಕಾರ್ಡೂ ಸೇರಿ ಒಂದೇ ಬೀದಿಯಾಗಬೇಕು.
ವಿಜಯನಗರ ನಾಲ್ಕನೇ ಹಂತದ ನನ್ನ ಮನೆಯಲ್ಲಿ,
ರಾತ್ರಿ ಹನ್ನೊಂದೂವರೆ, ತಟ್ಟೆಯಲ್ಲಿ ಅರ್ಧ ಅಕ್ಕಿರೊಟ್ಟಿ,
ಎಡಗೈಯಲ್ಲೇ ಟೈಪು ಮಾಡಿದೆ:
ಮೊದಲ ಕಾರ್ಡನ್ನು ಸೇತುವೆಗೆ ಸೇರಿಸು.
ಎಂಟರ್.

ಒತ್ತಿದ ಅಕ್ಷರ ಮತ್ತೆ ಮೂಡಲಿಲ್ಲ.

ಗೊತ್ತಿದ್ದೂ ಮರೆತಿದ್ದೆ:
ಸೇತುವೆಗೆ ಹೆಗಲು ಕೊಟ್ಟ ಕಾರ್ಡಿಗೆ
ಸ್ವಂತ ವಿಳಾಸ ನಡೆಯುವುದಿಲ್ಲ.
ಹಳೆಯದು, ಹೊಸದು, ಎರಡನ್ನೂ
ಸೇತುವೆಗೇ ಬರೆದುಕೊಡಬೇಕು.
ನಾನು ಯಾವ ಬಾಗಿಲಿಂದ ಒಳಗೆ ಹೋಗಿದ್ದೆನೋ
ಅದರ ತಗಡನ್ನೇ ಕಿತ್ತಿದ್ದೆ, ಒಳಗೆ ನಿಂತು.

ಸ್ಕೂಟರು. ಹುಣಸೂರು ರಸ್ತೆ, ಮೆಟ್ರೋಪೋಲ್,
ರೈಲು ನಿಲ್ದಾಣದ ಮುಂದೆ ಒಂಟಿ ಟೀ ಡಬ್ಬ,
ಇರ್ವಿನ್ ರಸ್ತೆಯ ಮುಚ್ಚಿದ ಅಂಗಡಿಗಳು.
ಜವರಯ್ಯ ಶಟರ್ ಅರ್ಧ ಎತ್ತಿದ.
"ಹೊತ್ತಲ್ಲದ ಹೊತ್ನಲ್ಲಿ ಏನ್ ರುಕ್ಕಮ್ಮಾ?"
"ಸೇತುವೆ ಕಿತ್ತೋಗದೆ."
"ಯಾವುದು, ಪಶ್ಚಿಮವಾಹಿನೀದಾ?"

(ನಾನು ರುಖಿಯಾ. ಮೂರು ವರ್ಷದಿಂದ ತಿದ್ದಿಲ್ಲ.
ಆ ಹೆಸರಿಗೆ ಕೂಗಿದರೂ
ನನಗೇ ಬಂದು ಮುಟ್ಟುತ್ತದೆ.)

ಸ್ಟೂಲಿನ ಮೇಲೆ ಕೂತು ಎರಡೂ ವಿಳಾಸ ಬಿಡಿಸಿ
ಸೇತುವೆಯ ಹೆಸರಿಗೆ ಬರೆದೆ.
ಅವಸರ ಮಾಡುವಂತಿಲ್ಲ ಅದಕ್ಕೆ.
ಹದಿನೈದು ಸೆಕೆಂಡು ಬರೀ ಕೇಳಿಸಿಕೊಳ್ಳುತ್ತದೆ,
ಇನ್ನು ಹದಿನೈದು, ಯಾರ ಮನೆ ಎತ್ತ ಎಂದು ಕಲಿಯುತ್ತದೆ,
ಅಲ್ಲಿಯವರೆಗೆ ಯಾರನ್ನೂ ದಾಟಿಸುವುದಿಲ್ಲ.
ಹೊಸ ವಿಳಾಸ ತನ್ನ ಪಾಡಿಗೆ ಬೀದಿಗೆಲ್ಲ ಕೂಗಿತು:
ಈ ಹೆಸರಿನವರು ಬೇರೆ ಯಾರಾದರೂ ಇದ್ದೀರಾ?
ಯಾರೂ ಓಗೊಡಲಿಲ್ಲ.
ಹಾಗಾದರೆ ನಾನೇ, ಅಂದುಕೊಂಡು ಕೂತಿತು.

ಜವರಯ್ಯ ಬೀಡಿ ಕಿವಿಗೆ ಸಿಕ್ಕಿಸಿ ಬಗ್ಗಿ ನೋಡುತ್ತಿದ್ದ.
ಒಂದು ಹತ್ತಕ್ಕೆ ಪ್ರಿಂಟರು ಕೆಮ್ಮಿತು:
ಚೆನ್ನಾಜಮ್ಮ, ಐವತ್ತೆಂಟು, ಕೆಸರೆ.
ಹಿಮೋಗ್ಲೋಬಿನ್ ಒಂಬತ್ತು ಪಾಯಿಂಟ್ ಎರಡು.
"ಕಮ್ಮಿ ಅಲ್ವಾ?" ಅಂದ.
"ಕಮ್ಮೀನೇ."
"ಸೊಪ್ಪು ತಿನ್ನಕೇಳಿ."

ಹೊರಗೆ ಬಂದರೆ ಬೀದಿದೀಪಕ್ಕೆ
ಹಳೇ ತಗಡು ಒಂದೇ ಸ್ಕ್ರೂವಿಗೆ ಜೋತು ಬಿದ್ದಿತ್ತು.
ಸ್ಕ್ರೂಡ್ರೈವರ್ ಬ್ಯಾಗಿನಲ್ಲೇ ಇತ್ತು.
ಜವರಯ್ಯ ಟಾರ್ಚು ಹಿಡಿದ.