ಅಳತೆಯ ನೀರು

ಸಿದ್ದಾಪುರದ ನರ್ಸರಿ ಸಾಲಿನಲ್ಲಿ
ನೂರೆಂಬತ್ತು ಹೇಳಿ ನೂರಾ ನಲವತ್ತಕ್ಕೆ ಇಳಿದಳು ಫಿಲೋಮಿನಾ.
ಅಂಗೈಯಗಲದ ಕಪ್ಪು ಕುಂಡ, ಒಳಗೆ
ಸುತ್ತಿನೊಳಗೆ ಸುತ್ತು ಜೋಡಿಸಿಟ್ಟ ದಪ್ಪ ಎಲೆ.
ಹೂವಲ್ಲ, ಹೂವಿನ ಹಾಗೆ ಕೂತದ್ದು.
ಹೆಸರೇನು ಅಂದೆ.
‘ಚೀಟಿ ಇತ್ತಕ್ಕ, ಮಳೇಲಿ ಹೋಯ್ತು.
ಎಕೆವೇರಿಯಾ ಕಡೆಯದೇ, ಆದರೆ ಬೆರಕೆ,
ತಾಯಿದೊಂದು ಕುಲ, ತಂದೆದೊಂದು.
ಪ್ರೀತಿ ಅಂತ ನೀರು ಹಾಕ್ಬೇಡಿ,
ಪ್ರೀತೀಲೇ ಕೊಳೆತು ಹೋಗೋದು ಇವು.’

ನಕ್ಕೆ. ನಮ್ಮನೆಯಲ್ಲಿ
ನೀರಿಗೆ ಅಳತೆ ಬಂದು ಆಗಲೇ ಏಳು ತಿಂಗಳು.
ದಿನಕ್ಕೆ ಏಳುನೂರು ಎಂಎಲ್.
ಅದರಲ್ಲೇ ಕಾಫಿ, ಅದರಲ್ಲೇ ಸಾರು,
ಮಾತ್ರೆ ನುಂಗುವ ಗುಟುಕೂ ಅದರಲ್ಲೇ.
ಬಾಟಲಿಯ ಮೈಗೆ ಮಾರ್ಕರಿನಲ್ಲಿ ಗೆರೆ ಎಳೆದವಳು ನಾನು.
ಮಂಗಳವಾರ, ಗುರುವಾರ, ಶನಿವಾರ
ನಾಲ್ಕನೇ ಬ್ಲಾಕಿನ ಯಂತ್ರದ ಪಕ್ಕ
ನಾಲ್ಕು ಗಂಟೆ ಮಲಗಿ ಬರುತ್ತಾರೆ ಇವರು.
‘ವಸುಪಾಲ್ ಸರ್, ತೂಕ’ ಎನ್ನುತ್ತಾಳೆ ನರ್ಸು,
ಕದ್ದು ಕುಡಿದದ್ದೆಲ್ಲ ತಕ್ಕಡಿ ಹೇಳುತ್ತದೆ.
‘ನೀರು ಸೋಸಿ ಕುಡಿದ ಬಸದಿ ಬೀದಿಯವರು ನಾವು,
ಈಗ ರಕ್ತ ಸೋಸುತ್ತಾರೆ, ಅಷ್ಟೆ ವ್ಯತ್ಯಾಸ’
ಅಂತ ಇವರ ತಮಾಷೆ, ಬಂದವರಿಗೆಲ್ಲ.

ತ್ಯಾಗರಾಜನಗರದ ಎರಡನೇ ಮಹಡಿ, ಪೂರ್ವದ ಕಿಟಕಿ.
ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿತ್ತು:
ಇಟ್ಟಿಗೆ ಚೂರು, ಜಲ್ಲಿಪುಡಿ ಬಿಟ್ಟಿ ಸಿಕ್ಕಿತು.
ಎರಡು ಪಾಲು ಅದು, ಒಂದು ಪಾಲು ಮಣ್ಣು,
ನಿಲ್ಲದೆ ನೀರು ಇಳಿದುಹೋಗಲಿ ಎಂದು.
ಜುಲೈನ ಜಿಟಿಜಿಟಿಯಲ್ಲಿ
ಎಲೆಸಂದಿಗೆ ಹಿಟ್ಟುತಿಗಣೆ.
ಹತ್ತಿಕಡ್ಡಿಗೆ ಸ್ಪಿರಿಟ್ ಅದ್ದಿ ಒಂದೊಂದೇ ಒರೆಸಿದೆ.
ಇವರು ಮುಖ ಆ ಕಡೆ ಮಾಡಿದರು,
ಇರುವೆ ಸಾಲಿಗೆ ಚಪ್ಪಲಿ ಎತ್ತಿ ದಾಟುವ ಮನುಷ್ಯ.
‘ಆ ಪಾಪ ನನ್ನ ಖಾತೆಗೇ ಇರಲಿ ಬಿಡಿ’ ಅಂದೆ.
ಮನೆ ತುಂಬ ಡಯಾಲಿಸಿಸ್ ವಾರ್ಡಿನ ವಾಸನೆ.

ಸೆಪ್ಟೆಂಬರಿಗೆ ಆ ಮನೆಗೆ ಮೂರನೇ ಮಹಡಿ ಬಿತ್ತು.
ನಮ್ಮ ಬಿಸಿಲು ಎಂಟೂವರೆಗೇ ಮುಗಿಯತೊಡಗಿತು.
ಗಿಡ ಕತ್ತು ಉದ್ದ ಮಾಡಿತು,
ಸುತ್ತು ಸಡಿಲಿ, ಎಲೆ ಎಲೆಗೂ ಅಂತರ,
ಬಸ್ಸಿಗೆ ಇಣುಕುವವರ ಹಾಗೆ.
ಬ್ಲೇಡು ಕಾಯಿಸಿ ತಲೆ ಕೊಯ್ದೆ.
ನಾಲ್ಕು ದಿನ ಗಾಯ ಒಣಗಲಿ ಎಂದು ಬಟ್ಟಲಲ್ಲಿಟ್ಟು,
ಬರೀ ಒಣ ಮಣ್ಣಿನ ಮೇಲೆ ಕೂರಿಸಿ,
ಟೆರೇಸಿನ ಟ್ಯಾಂಕಿನ ಬದಿಗೆ ಸಾಗಿಸಿದೆ.
ಮಿಕ್ಕ ಮೋಟಿನ ಪಕ್ಕೆಯಲ್ಲಿ ಅಕ್ಕಿಕಾಳಿನಷ್ಟು
ಮೂರು ಮರಿ.

ಡಿಸೆಂಬರು. ಚಳಿ, ಬಿಸಿಲು, ನೀರಿಲ್ಲದ ಹದಿನೈದು ದಿನ.
ಅಂಚು ಕೆಂಪಾಯಿತು, ಆಮೇಲೆ ನಡು
ಗುಲಾಬಿಯೋ ನೇರಳೆಯೋ, ಎರಡರ ಜಗಳದ ಬಣ್ಣ.
‘ಬಾಯಾರಿದರೆ ಹೀಗೆ ಚೆಂದ ಕಾಣುತ್ತವಂತೆ’
ಅಂದುಬಿಟ್ಟೆ.
ಇವರು ತಮ್ಮ ಮುಂಗೈ ನೋಡಿಕೊಂಡರು.
ಕಪ್ಪಿಟ್ಟ ಚರ್ಮ, ಉಬ್ಬಿದ ನರ.
ಎಲ್ಲರಿಗೂ ಬಾಯಾರಿಕೆ ಬಣ್ಣ ಕೊಡುವುದಿಲ್ಲ.
ಆ ಮಾತು ನನಗೆ ವಾಪಸು ಬೇಕಿತ್ತು.

ಮೆಲ್ಲಗೆ ಕೈ ಚಾಚಿ ಎಲೆ ಹಿಡಿದರು.
ಮುಟ್ಟಬೇಡಿ, ಮೇಲಿನ ಬೂದಿ ಅಳಿಸುತ್ತದೆ
ಎನ್ನುವಷ್ಟರಲ್ಲಿ ಹೆಬ್ಬೆಟ್ಟು ಮೂಡಿತ್ತು,
ಗೆರೆಗೆರೆಯೂ ಸ್ಪಷ್ಟ.
‘ನೋಡು, ಪಿಂಚಣಿ ಮಿಷಿನ್ನಿಗೆ ಹತ್ತದ ಬೆರಳು
ಇಲ್ಲಿ ಒಂದೇ ಸಲಕ್ಕೆ ಹತ್ತಿತು.’
ಆ ಬೂದಿ ಮತ್ತೆ ಬರುವುದಿಲ್ಲ.
ಎಲೆ ಕೆಳಕ್ಕೆ ಸರಿದು ಸರಿದು ಒಣಗುವವರೆಗೂ
ಗುರುತು ಹಾಗೇ.
ಕುಂಡ ತಿರುಗಿಸುವಾಗ ಆ ಕಡೆಯನ್ನೇ
ಒಳಮುಖ ಮಾಡಿಡುತ್ತೇನೆ.

ಈ ಭಾನುವಾರ ರಾತ್ರಿ ಬಾಟಲಿಯ ತಳದಲ್ಲಿ
ಎರಡು ಚಮಚ ನೀರು ಉಳಿದಿತ್ತು.
ಯಾಕೆ ಬಿಟ್ಟಿರಿ ಅಂದರೆ
ಗಲ್ಲದಲ್ಲೇ ಕಿಟಕಿ ತೋರಿಸಿದರು,
ಮರಿಗಳಿರುವ ಸಿಹಿಡಬ್ಬಿಯ ಕಡೆಗೆ.
ಬೆರಳಿಟ್ಟು ನೋಡಿದೆ. ಒಣಮಣ್ಣು, ಹನ್ನೊಂದನೇ ದಿನ.
‘ಬುಡಕ್ಕೆ ಬಿಡು, ತಲೆಗೆ ಬೇಡ’ ಅಂದರು,
ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತ.